ಗಂಟೆ ಬಾರಿಸಿದ ಮೊಲ

ಎಲ್ಲ ರಗಳೆಗೂ ಮೂಲ ಒಂದು ಮೊಲ. ಅದೂ ನಿಜವಾದ ಮೊಲವಲ್ಲ, ಟಿ.ವಿ.ಯೊಳಗೆ ಓಡುವ, ತಲೆಗೆ ಕೆಂಪು ರುಮಾಲು ಸುತ್ತಿದ, ಅಂಗೈಯಷ್ಟು ಎತ್ತರದ ಮೊಲ.

ಮುಲುಂಡಿನ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಹಡಿಯಲ್ಲಿ ದಾನಪ್ಪನವರ ಮನೆ. ವಿಜಯಪುರದ ಕಡೆಯವರು. ಕಾಳಬಾದೇವಿಯ ಬಟ್ಟೆ ಪೇಢಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಹೆಂಡತಿ ರುದ್ರವ್ವ ಹೋದ ಶ್ರಾವಣದಲ್ಲಿ ಲಿಂಗೈಕ್ಯಳಾದಳು. ಅಂದಿನಿಂದ ಆ ಮನೆಯ ಕದ ತಟ್ಟುವವರೆಂದರೆ ಹಾಲಿನವನು ಮತ್ತು ಕಸದವನು. ಇಬ್ಬರೂ ಹೊಸ್ತಿಲು ದಾಟುವವರಲ್ಲ. ಮನುಷ್ಯರ ಮಾತು ಕೇಳುವ ಆಸೆಗೆ ದಾನಪ್ಪನವರು ಒಂದು ಮುಂಜಾನೆ ಹಾಲಿನವನೊಡನೆ, ‘ಈ ಸಲ ಕೆರೆಗಳಿಗೆ ನೀರು ಚಲೋ ಬಂದದ’ ಎಂದು ಮಾತು ತೆಗೆದರು. ಅವನು ಅದು ತನ್ನ ಹಾಲಿಗೇ ಆಡಿದ ಮಾತೆಂದು ತಿಳಿದು, ಮರುದಿನದಿಂದ ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಸದ್ದಿಲ್ಲದೆ ಇಳಿದುಹೋಗತೊಡಗಿದ. ಉಳಿದವನು ಕಸದವನೊಬ್ಬ.

ಮೊಲದ ಆಟದ ಯಂತ್ರ ಬಂದದ್ದು ಬಹಳ ವರ್ಷಗಳ ಹಿಂದೆ, ಪೇಢಿಯ ಶೇಠರು ದೀಪಾವಳಿಗೆ ಚೀಟಿ ಎತ್ತಿಸಿದಾಗ. ಒಬ್ಬರಿಗೆ ಕುಕ್ಕರು ಬಂತು, ಒಬ್ಬರಿಗೆ ಇಸ್ತ್ರಿಪೆಟ್ಟಿಗೆ ಬಂತು, ದಾನಪ್ಪನವರಿಗೆ ಈ ಮೊಲ. ಟಿ.ವಿ.ಗೆ ಸಿಕ್ಕಿಸಿ ಆಡುವ ಪೆಟ್ಟಿಗೆ, ಒಂದು ಕ್ಯಾಸೆಟ್ಟು. ಕೊಡಲು ಮನೆಯಲ್ಲಿ ಮಕ್ಕಳಿರಲಿಲ್ಲವಾಗಿ ರುದ್ರವ್ವನೇ ಆಡಿದಳು.

ಪ್ರತಿ ಭಾನುವಾರ ಮಧ್ಯಾಹ್ನ ದಾನಪ್ಪನವರು ಒಳಕೋಣೆಯ ಮಂಚದ ಮೇಲೆ ಮುಖಕ್ಕೆ ಪೇಪರು ಹೊದ್ದು ಮಲಗುತ್ತಿದ್ದರು. ಹೊರಗಿನಿಂದ ‘ಟಣ್’ ಎಂದು ಗಂಟೆಯ ಸದ್ದು. ಸ್ವಲ್ಪ ತಡೆದು ಇನ್ನೊಂದು ‘ಟಣ್’. ಮತ್ತೊಂದು. ಆಮೇಲೆ ತುಸು ಸನಾದಿ ನುಡಿದಂತಾಗಿ ಟಿ.ವಿ. ಆರುತ್ತಿತ್ತು.

“ಆತೇನು?” ಎಂದು ಇವರು ಪೇಪರಿನಡಿಯಿಂದ ಕೇಳುತ್ತಿದ್ದರು.

“ಹೂಂ, ಆತು,” ಎನ್ನುತ್ತಿದ್ದಳು. ಬೆನ್ನಿಗೇ ಚಹಾ ಬರುತ್ತಿತ್ತು.

“ಪಾಪ, ನಮ್ಮಾಕಿಗೆ ಆಟ ಬರೂದಿಲ್ಲರೀ. ಕೂಡೂದರಾಗ ಸತ್ತು ಏಳ್ತಾಳ,” ಎಂದು ಬಂದವರೆದುರು ದಾನಪ್ಪನವರು ನಗುವುದಿತ್ತು. ರುದ್ರವ್ವನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಲ್ಲವೆಂದು ಎಂದೂ ಹೇಳಲಿಲ್ಲ.

ಈ ಮಳೆಗಾಲದ ಮೊದಲಿಗೆ ದಾನಪ್ಪನವರು ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದು ಗುಜರಿ ಕೊಳ್ಳುವ ಭಂಗಾರದವನಿಗೆ ಹಾಕಲೆಂದೇ. ಹಾಕುವ ಮುಂಚೆ ಒಮ್ಮೆ ನೋಡೋಣವೆಂದು ಟಿ.ವಿ.ಗೆ ಸಿಕ್ಕಿಸಿದರು. ಮೊಲ ನಾಲ್ಕು ಹೆಜ್ಜೆ ಓಡಿ ಮೊದಲನೆಯ ಹೊಂಡಕ್ಕೇ ಬಿತ್ತು. ‘ಡುಬುಕ್’ ಎಂದಿತು. ಮೊಲ ಸತ್ತಿತಲ್ಲ ಎಂದು ಇವರು ಸನಾದಿಗಾಗಿ ಕಾದರು. ಸನಾದಿ ಬರಲಿಲ್ಲ. ಯಂತ್ರ ಹಳೆಯದಾಯಿತು, ಒಳಗಿನ ಸನಾದಿಯವನಿಗೂ ನಿವೃತ್ತಿಯಾಗಿರಬೇಕು ಎಂದುಕೊಂಡು ಮತ್ತೊಮ್ಮೆ ಆಡಿದರು. ಮತ್ತೆ ಡುಬುಕ್. ಹೀಗೆ ಡುಬುಕ್ಕಿನ ಮೇಲೆ ಡುಬುಕ್ಕಾಗಿ ಒಂದು ವಾರ ಕಳೆಯುವಷ್ಟರಲ್ಲಿ ಎದುರುಮನೆಯ ನಿಖಿತಾ ಕದ ತಟ್ಟಿದಳು. ಉಡುಪಿ ಕಡೆಯ ಶೀಲಾವತಿಯವರ ಮಗಳು. ಬಾಂದ್ರಾದ ಆಫೀಸಿನಲ್ಲಿ ಕೆಲಸ. ದಿನವಿಡೀ ಲೋಕಲ್ಲಿನ ಗದ್ದಲ ತಿಂದು ಬಂದವಳಿಗೆ ಗೋಡೆಯಾಚೆಯ ಡುಬುಕ್ಕನ್ನೂ ತಿನ್ನುವುದಾಗದೆ ಜಗಳಕ್ಕೆಂದೇ ಬಂದಿದ್ದಳು. ಟಿ.ವಿ. ನೋಡಿದ್ದೇ ಜಗಳ ಮರೆತು ನೆಲದ ಮೇಲೆ ಕೂತುಬಿಟ್ಟಳು.

“ಅಂಕಲ್! ಯೇ ತೋ ಕ್ಲಾಸಿಕ್ ಹೈ! ಇದನ್ನ ಸ್ಪೀಡ್‌ರನ್ ಮಾಡ್ತಾರೆ, ಗೊತ್ತಾ?”

“ಹಂಗಂದ್ರ?”

“ಸ್ಟಾರ್ಟಿಂದ ಎಂಡ್ ತನಕ, ಯಾರು ಸಬ್‌ಸೇ ಜಲ್ದಿ ಮುಗಿಸ್ತಾರೆ ಅಂತ. ವರ್ಲ್ಡ್‌ನಲ್ಲಿ ಎಲ್ಲಾ ಕಡೆ ಆಡ್ತಾರೆ. ವಿಡಿಯೋ ತೆಗೆದು ಸೈಟ್‌ಗೆ ಹಾಕೋದು.”

“ಹೊತ್ತು ಹೋಗಲಿ ಅಂತ ಆಟ ಆಡೂದು ಕೇಳೀನಿ. ಹೊತ್ತು ಉಳಸಾಕ ಆಟ ಆಡೂದಂದ್ರ, ಇದೇನು ಗಾಡಿ ಹಿಡಿಯೂ ಕೆಲಸ ಏನವಾ?” ಎಂದರು ದಾನಪ್ಪನವರು. ಆದರೂ ಮನುಷ್ಯಳೊಬ್ಬಳು ಮನೆಯೊಳಗೆ ಕೂತಿದ್ದಾಳೆ! ಅವಳು ಏಳದಿರಲಿ ಎಂದು, “ಕಲಸು ಹಂಗಾರ,” ಎಂದುಬಿಟ್ಟರು.

ನಿಖಿತಾ ಕಲಿಸಿದಳು. ಒಂಬತ್ತು ತೋಟ ದಾಟಿ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಅರಮನೆ ಸೇರಬೇಕು. ಎಲ್ಲಿ ಜಿಗಿಯಬೇಕು, ಯಾವ ಕಾಗೆಯ ಬೆನ್ನು ತುಳಿದು ಹಾರಬೇಕು, ಎಲ್ಲ ಹೇಳಿಕೊಟ್ಟಳು. ಮೊದಲ ಮೂರು ತೋಟಗಳಲ್ಲಿ ದಾರಿಯಿಂದ ತುಸು ಮೇಲೆ ಒಂದೊಂದು ಸಣ್ಣ ಗುಡಿ, ಗುಡಿಯ ಮುಂದೆ ಗಂಟೆ. ನಿಖಿತಾಳ ಮೊದಲನೆಯ ಪಾಠವೇ ಗಂಟೆ ಮುಟ್ಟಬಾರದೆಂದು.

“ಗುಡಿ ಮುಂದ ಹಾದು ಗಂಟಿ ಬಾರಸದ ಹೋಗೂದs?”

“ಪಾಯಿಂಟ್ ಇಲ್ಲ, ಏನೂ ಇಲ್ಲ ಅಂಕಲ್. ಟೈಮ್ ವೇಸ್ಟ್.”

ದಿನವೂ ಲಿಂಗಪೂಜೆಯಾಗದೆ ನೀರು ಮುಟ್ಟದ ದಾನಪ್ಪನವರು ಗುಡಿ ಬಂದಾಗಲೆಲ್ಲ ‘ತಪ್ಪಾತು ತಂದೆ’ ಎಂದು ಗೊಣಗಿ ಮೊಲವನ್ನು ಹಾರಿಸಿಕೊಂಡು ಹೋಗತೊಡಗಿದರು.

ಮಗಳು ದಿನಾ ಸಂಜೆ ಎಲ್ಲಿ ಹೋಗುತ್ತಾಳೆಂದು ನೋಡಲು ಶೀಲಾವತಿ ಬಂದರು. ಇವರೆಲ್ಲ ಸೇರಿ ಏನು ಮಾಡುತ್ತಾರೆಂದು ನೋಡಲು ಸೊಸೈಟಿಯ ಸೆಕ್ರೆಟರಿ, ಬೆಳಗಾವಿಯ ಭೀಮರಾಯರು ಬಂದರು. ಅವರ ಹಿಂದೆ ಮೇಲಿನವರು, ಕೆಳಗಿನವರು. ಮೊಲ ಹೊಂಡಕ್ಕೆ ಬಿದ್ದಾಗಲೆಲ್ಲ “ಅಯ್ಯಯ್ಯೋ!” ಎಂದು ಒಂದೇ ದನಿಯಲ್ಲಿ ಕೂಗುವುದು ಅವರಿಗೆ ಬಲು ಹಿತವಾಯಿತು. ರುದ್ರವ್ವ ಹೋದಾಗಲೂ ಅಷ್ಟು ಜನ ಅಷ್ಟು ಮನಸ್ಸಿಟ್ಟು ‘ಅಯ್ಯೋ’ ಎಂದಿರಲಿಲ್ಲ. ಆಟ ಒಂದು ತಾಸು, ಒಂದೂವರೆ ತಾಸು ನಡೆಯುತ್ತಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಉಸಿರಿರುತ್ತಿತ್ತು.

ಆದರೆ ಕೈ ಪಳಗುತ್ತ ಬಂದಂತೆ ಒಂದು ಸಂಗತಿ ದಾನಪ್ಪನವರ ಲಕ್ಷ್ಯಕ್ಕೆ ಬಂತು. ಆಟ ಎಷ್ಟು ಬೇಗ ಮುಗಿಯುತ್ತದೋ, ಮಂದಿ ಅಷ್ಟು ಬೇಗ ಎದ್ದು ಹೋಗುತ್ತಾರೆ. ಒಂದು ಸಂಜೆ ಎಂದಿಲ್ಲದಷ್ಟು ಚುರುಕಾಗಿ ಆಡಿ ಅರಮನೆ ಸೇರಿ, ಗೆದ್ದಾಗ ಬಡಿಯುವ ಡೋಲು ಬಡಿಯಿತೆಂದು ಹೆಮ್ಮೆಯಿಂದ ಹೊರಳಿ ನೋಡಿದರೆ ಶೀಲಾವತಿ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಅದರ ಮೇಲೆ ನಿಖಿತಾ, “ಈ ಸಂಡೇ ವಿಡಿಯೋ ತೆಗೆದು ಸೈಟ್‌ಗೆ ಕಳಿಸೋಣ ಅಂಕಲ್,” ಎಂದಳು.

“ಆಮ್ಯಾಲ?”

“ಆಮೇಲೆ ಖತಂ. ಹೋ ಗಯಾ.”

ದಾನಪ್ಪನವರಿಗೆ ತಾವೇ ಹೊಂಡಕ್ಕೆ ಬಿದ್ದು ಡುಬುಕ್ಕೆಂದಂತಾಯಿತು.

ಆ ಭಾನುವಾರ ಮುಂಜಾನೆ ಅವರು ಪೂಜೆಗೆ ಕೂತಾಗ ಅಂಗೈಯ ಲಿಂಗದೆದುರು ಒಂದು ಸಂಚನ್ನು ಒಪ್ಪಿಸಿದರು. ‘ತಂದೆ, ಇವತ್ತು ಗಂಟಿ ಎಲ್ಲಾ ಬಾರಸ್ತೀನಿ. ಬಾರಿಸಿ, ಗುಡಿಯೊಳಗ ನಿಂತಂಗ ನಿಂತು ಕೈ ಮುಗೀತೀನಿ. ನಿನಗೂ ಸಂದಾಯ ಆಗ್ತದ, ಆಟಾನೂ ತಡಾ ಆಗ್ತದ. ಆಟ ಕೆಟ್ರ ಮುಂದಿನ ವಾರ ಮತ್ತ ಬರಬೇಕಲ್ಲ ಎಲ್ಲಾರೂ? ಇದರಾಗ ಪಾಪ ಇದ್ರ ಅರ್ಧಾ ನನ್ನ ಕಡೆ ಹಾಕು.’ ಉಳಿದರ್ಧ ಯಾರ ಕಡೆಗೆಂದು ಅವರು ಹೇಳಲಿಲ್ಲ.

ಪೂಜೆ ಮುಗಿಸಿ ಏಳುವಷ್ಟರಲ್ಲಿ ಭೀಮರಾಯರು ದಾದರ ಸ್ಟೇಶನ್ನಿನಲ್ಲಿ ಲೋಕಲ್ ರೈಲಿನ ಡಬ್ಬಿಗೆ ನುಗ್ಗುವವರಂತೆ ನುಗ್ಗಿದರು. ಅವರ ಹಿಂದೆ ವಾಚ್‌ಮನ್ ಸಂತು, ತಲೆಯ ಮೇಲೆ ಸೊಸೈಟಿ ಸಭಾಗೃಹದ ಖುರ್ಚಿಗಳು.

“ದಾನಪ್ಪನವರ, ನೋಟೀಸ್ ಬೋರ್ಡಿಗೆ ಹಾಕೇನಿ. ಸಂಜಿ ಐದಕ್ಕ ಕಾರ್ಯಕ್ರಮ. ಸ್ವಾಗತ ನಂದು, ಅಧ್ಯಕ್ಷತಿ ನಂದು, ಆಭಾರ ಮನ್ನಣಿನೂ ನಾನ ಮಾಡತೀನಿ. ನೀವು ನಡುವ ಸ್ವಲ್ಪ ಆಡ್ರಿ.”

ಖುರ್ಚಿ ಸಾಲು ಹಿಡಿಸುವ ಗಡಿಬಿಡಿಯಲ್ಲಿ ಸಂತು ಟಿ.ವಿ.ಯ ಹಳದಿ ವೈರು ಎಡವಿ ಕಿತ್ತ. ಅದನ್ನು ಸಿಕ್ಕಿಸುವುದರೊಳಗೆ ಭೀಮರಾಯರು, “ಶುಭಕಾರ್ಯ, ಒಂದು ಕಾಯಿ ಒಡದಬಿಡೂಣು,” ಎಂದು ಟಿ.ವಿ. ಮುಂದೆಯೇ ತೆಂಗಿನಕಾಯಿ ಕುಟ್ಟಿದರು. ಕಾಯಿಯ ನೀರು ದೇವರಿಗೆ ಹೋಗದೆ ಕೆಳಗಿದ್ದ ಕರೆಂಟಿನ ಬೋರ್ಡಿಗೆ ಹೋಯಿತು. ‘ಫಟ್’ ಎಂದಿತು. ಎರಡನೆಯ ಮಹಡಿಯ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು.

ಎದುರುಮನೆಯ ಬಾಗಿಲು ತೆರೆದು ಶೀಲಾವತಿ ಬಂದರು. ಬಲಗೈ ಮೊಣಕೈವರೆಗೂ ಉದ್ದಿನಹಿಟ್ಟು.

“ಎಂತ ಮಾಡಿದ್ರಿ ಮಾರಾಯ್ರೆ? ಗ್ರೈಂಡರ್ ಅರ್ಧದಲ್ಲಿ ನಿಂತಿತು! ನಿಮ್ಮ ಕಾರ್ಯಕ್ರಮಕ್ಕೆ ಅಂತಲೇ ವಡೆಗೆ ಹಾಕಿದ್ದು ನಾನು!”

“ಅಕ್ಕಾರ, ದೇವರಿಗೆ ಕಾಯಿ…”

“ದೇವರಿಗೆ ಕಾಯಿ, ನಮಗೆ ಕತ್ತಲೆ! ಇನ್ನು ಈ ಹಿಟ್ಟನ್ನು ನಿಮ್ಮ ತಲೆಗೆ ಹಚ್ಚಬೇಕಷ್ಟೆ ಸೆಕ್ರೆಟರಿಗಳೇ!”

ಭೀಮರಾಯರು ತಲೆ ಸವರಿಕೊಂಡರು. ಹಚ್ಚಿದರೆ ನಿಲ್ಲಲು ಅಲ್ಲಿ ಕೂದಲೂ ಇರಲಿಲ್ಲ. ಕೊನೆಗೆ ಶೀಲಾವತಿ ಸ್ಟೇಶನ್ ಬಳಿ ಹೋಟೆಲು ನಡೆಸುವ ತಮ್ಮನಾದ ದೂಜನಿಗೆ ಫೋನು ಮಾಡಿ, ವಡೆ ಅಲ್ಲಿಂದಲೇ ತರಬೇಕೆಂದು ಅಪ್ಪಣೆ ಮಾಡಿದರು. ಆಟ ಹೇಗಿದ್ದರೂ ಒಂದು ತಾಸು ನಡೆಯುತ್ತದೆ, ಬಿಸಿಬಿಸಿ ತಂದರೆ ಸಾಕು ಎಂದರು.

ದಾನಪ್ಪನವರಿಗೆ ಒಳಗೊಳಗೇ ಆಶೆ ಚಿಗುರಿತು. ಕರೆಂಟು ಬರದಿದ್ದರೆ ಆಟವಿಲ್ಲ. ಆಟವಿಲ್ಲದಿದ್ದರೆ ಮುಂದಿನ ಭಾನುವಾರ. ದೇವರು ಕಾಯಿಯ ನೀರಿನಲ್ಲೇ ಕೆಲಸ ಮುಗಿಸಿದನೆಂದುಕೊಂಡು ಅವರು ಕೈ ಮುಗಿದು ನಿಂತಿರುವಾಗಲೇ ಸಂತು ಕೆಳಗಿನಿಂದ ಫ್ಯೂಜು ಕಟ್ಟಿಬಂದ. ಫ್ಯಾನುಗಳು ತಿರುಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ದಾನಪ್ಪನವರೂ ತಟ್ಟಬೇಕಾಯಿತು.

ಸಂಜೆ ಮನೆ ತುಂಬಿತು. ರುದ್ರವ್ವ ಹೋದ ಮೇಲೆ ಆ ಬಾಗಿಲಲ್ಲಿ ಅಷ್ಟು ಚಪ್ಪಲಿಗಳು ಬಿದ್ದದ್ದು ಅಂದೇ ಮೊದಲು. ದಾನಪ್ಪನವರು ಎರಡು ಸಲ ಹೊರಗೆ ಹೋಗಿ ಚಪ್ಪಲಿಗಳನ್ನೇ ನೋಡಿಬಂದರು. ಒಲೆಯ ಮೇಲೆ ದೊಡ್ಡ ಪಾತೆಲಿಯಲ್ಲಿ ಎಲ್ಲರ ಚಹಾಕ್ಕೆ ನೀರಿಟ್ಟು, ಉರಿ ಸಣ್ಣ ಮಾಡಿ ಬಂದು ಕೂತರು.

ನಿಖಿತಾ ಫೋನನ್ನು ಡಬ್ಬಿಗಳ ಮೇಲೆ ನಿಲ್ಲಿಸಿದಳು. “ಶುರುವಿಂದ ಎಂಡ್ ತನಕ ವಿಡಿಯೋ ಕಟ್ ಆಗಬಾರ್ದು. ಯಾರೂ ನಡುವೆ ಬರಬೇಡಿ, ಪ್ಲೀಸ್.”

“ನಡುವ ಯಾಕ ಬರತೇವಿ?” ಎನ್ನುತ್ತ ಭೀಮರಾಯರು ಎದ್ದು ಸರಿಯಾಗಿ ನಡುವೆಯೇ ನಿಂತರು. “ಬಂಧು ಭಗಿನಿಯರೇ, ಇಂದಿನ ಈ ಮೊಲದ ಸಮಾರಂಭದಲ್ಲಿ…”

“ಅಂಕಲ್, ಹಟೋ ನಾ! ನಿಮ್ಮ ಬೆನ್ನು ಬರ್ತಾ ಇದೆ!”

“ಬೆನ್ನಲ್ಲವಾ, ಅಧ್ಯಕ್ಷರ ಬೆನ್ನು,” ಎಂದು ಭೀಮರಾಯರು ಮುನಿಸಿಕೊಂಡು ಕೂತರು. ಆಟ ಶುರುವಾಯಿತು.

ಮೊಲ ಓಡಿತು. ಎರಡು ಹೊಂಡ ಹಾರಿತು, ಕಾಗೆಯ ಬೆನ್ನು ತುಳಿಯಿತು. ಮೇಲೆ ಗುಡಿ ಕಂಡಿತು. ದಾನಪ್ಪನವರು ದಾರಿ ಬಿಟ್ಟು ಮೊಲವನ್ನು ಮೇಲಕ್ಕೆ ಹಾರಿಸಿದರು. ‘ಟಣ್!’ ಗಂಟೆ ಬಾರಿಸಿ, ಮೊಲವನ್ನು ಓಡಿಸಲು ಕೈಯಲ್ಲಿ ಹಿಡಿದಿದ್ದ ಗುಂಡಿಗಳ ಪಟ್ಟಿಯನ್ನು ಕೆಳಗಿಟ್ಟು, ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

“ಅಂಕಲ್! ಕ್ಯಾ ಕರ್ ರಹೇ ಹೋ!”

“ರೀ, ನಿದ್ದಿ ಬಂತೇನ್ರಿ?” ಎಂದು ಭೀಮರಾಯರು.

“ಶ್ರಾವಣ ಅದರೀ,” ಎಂದರು ದಾನಪ್ಪನವರು, ಕಣ್ಣು ತೆರೆಯದೆ. “ಗಂಟಿ ಬಾರಿಸಿದ ಮ್ಯಾಲ ಅದರ ನಾದ ಅಡಗೂತನ ನಿಲ್ಲಬೇಕು. ಬಾರಸದ ಹ್ವಾದವರಿಗೂ ಪಾಪ, ಬಾರಿಸಿ ಓಡಿದವರಿಗೂ ಪಾಪ.”

“ಅದು ಹೌದು ಮಾರಾಯ್ರೆ. ದೇವರ ವಿಷಯ, ಗಡಿಬಿಡಿ ಮಾಡ್ಲಿಕ್ಕೆ ಆಗುದಿಲ್ಲ,” ಎಂದು ಶೀಲಾವತಿ ತಾವೂ ಕೈ ಮುಗಿದರು. ಅವರನ್ನು ನೋಡಿ ಅಕ್ಕಪಕ್ಕದವರೂ ಮುಗಿದರು. ಅಧ್ಯಕ್ಷರಾದವರು ಕೂತಿರುವುದು ಚೆನ್ನಲ್ಲವೆಂದು ಭೀಮರಾಯರು ಎದ್ದೇ ನಿಂತರು. ಪರದೆಯ ಮೇಲೆ ರುಮಾಲಿನ ಮೊಲ ಗುಡಿಯೆದುರು ಅಲುಗಾಡದೆ ನಿಂತಿತ್ತು. ನಿಖಿತಾ ಮಾತ್ರ ತಲೆಯ ಮೇಲೆ ಕೈ ಹೊತ್ತು, “ಗಯಾ, ಪೂರಾ ಗಯಾ,” ಎನ್ನುತ್ತಿದ್ದಳು.

ದಾನಪ್ಪನವರಿಗೆ ಹಾಯೆನಿಸಿತು. ಎರಡನೆಯ ತೋಟದಲ್ಲೂ ಹಾಗೆಯೇ. ಟಣ್. ನಿಂತರು. ಮೂರನೆಯ ತೋಟದಲ್ಲಿ ಇನ್ನಷ್ಟು ತಡ ಮಾಡೋಣವೆಂದು ಕೈ ಮುಗಿದು ಪಂಚಾಕ್ಷರಿಯನ್ನೇ ಜಪಿಸತೊಡಗಿದರು.

ಆಗ ಆ ಸದ್ದು ಕೇಳಿತು.

ಸನಾದಿ.

ಕಣ್ಣು ತೆರೆದರೆ ಗುಡಿಯ ಹಿಂದಿನ ಗೋಡೆ ಎರಡಾಗಿ ಸರಿದಿತ್ತು. ಯಾರೂ ಗುಂಡಿ ಒತ್ತದೆಯೇ ಮೊಲ ತಾನಾಗಿ ಒಳಗೆ ನಡೆಯಿತು. ಒಂದು ಜಾರುದಾರಿ, ಅದರಲ್ಲಿ ಆರು ತೋಟಗಳ ಕೆಳಗಿಂದ ಸುಯ್ಯೆಂದು ಜಾರಿ, ನೇರವಾಗಿ ಗಜ್ಜರಿಯ ಅರಮನೆಯ ದೇವರಮನೆಯಲ್ಲಿ ಎದ್ದಿತು. ಹೂವು ಉದುರಿದವು. ಆಟ ಮುಗಿಯಿತು.

ನಿಖಿತಾ ಕಿರುಚಿದ ಕಿರುಚಿಗೆ ಕೆಳಗೆ ಸಂತು ಸೀಟಿ ಊದಿದ.

“ಐದು ಮಿನಿಟ್ ಕೂಡ ಆಗಿಲ್ಲ! ಅಂಕಲ್, ವರ್ಲ್ಡ್‌ನಲ್ಲಿ ಯಾರೂ ಇಷ್ಟು ಜಲ್ದಿ ಮುಗಿಸಿಲ್ಲ! ಬೆಲ್ ಹೊಡೆದು ನಿಂತ್ರೆ ಡೋರ್ ಓಪನ್ ಆಗುತ್ತೆ ಅಂತ ಯಾರಿಗೂ ಗೊತ್ತೇ ಇಲ್ಲ! ಸ್ಪೀಡ್‌ರನ್‌ನಲ್ಲಿ ಯಾರು ನಿಲ್ತಾರೆ?”

ಅದೇ ಹೊತ್ತಿಗೆ ಬಾಗಿಲಲ್ಲಿ ದೂಜ ಕಾಣಿಸಿಕೊಂಡ. ಮಳೆಯಲ್ಲಿ ನೆನೆದು, ಎರಡು ಕೈಗೆ ಎರಡು ವಡೆಯ ಡಬ್ಬಿ.

“ಶುರು ಆಯ್ತಾ ಅಕ್ಕ?”

“ಮುಗಿದೇ ಹೋಯ್ತು!”

“ಹಾಗಾದ್ರೆ ಇದನ್ನು ಎಂತ ಮಾಡುದು?”

ಡಬ್ಬಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ನಿಂತೇ ತಿಂದರು. ಆಟವಿಲ್ಲದ ಮನೆಯಲ್ಲಿ ಕೂತು ತಿನ್ನುವವರು ಯಾರು? ದಾನಪ್ಪನವರು ಇದೊಂದನ್ನೂ ನೋಡಲಿಲ್ಲ. ಅವರು ಟಿ.ವಿ.ಯ ಹತ್ತಿರ ಸರಿದು ಕೂತಿದ್ದರು.

“ತಂಗಿ,” ಎಂದರು ಮೆಲ್ಲಗೆ, “ಈ ಸನಾದಿ, ಮೊಲ ಸತ್ತಾಗೂ ಬರ್ತದೇನವಾ?”

“ಇಲ್ಲ ಅಂಕಲ್. ಸತ್ರೆ ಡುಬುಕ್ ಅಷ್ಟೇ. ಈ ಮ್ಯೂಸಿಕ್ ನಾನೂ ಇವತ್ತೇ ಕೇಳಿದ್ದು. ಇದು ಈ ಡೋರ್‌ನಿಂದ ಗೆದ್ರೆ ಮಾತ್ರ ಬರೋದು, ಅನ್ಸುತ್ತೆ.”

ದಾನಪ್ಪನವರು ಗುಮಾಸ್ತರಂತೆ ಲೆಕ್ಕ ಹಾಕಿದರು. ಪ್ರತಿ ಭಾನುವಾರ, ಅಷ್ಟು ವರ್ಷ, ಮೂರು ‘ಟಣ್’, ಒಂದು ಸನಾದಿ, ಒಂದು ಕಪ್ ಚಹಾ. ಗೆದ್ದು ಎದ್ದು ಬಂದವಳಿಗೆ ‘ಸತ್ತು ಎದ್ದಳು’ ಎಂದು ಹತ್ತು ಮಂದಿಯೆದುರು ನಕ್ಕದ್ದು. ಅವಳು ಸೆರಗಿನ ಮರೆಯಲ್ಲಿ ನಕ್ಕದ್ದು ಯಾವುದಕ್ಕೆಂದು ಈಗ ತಿಳಿಯಿತು.

ನಿಖಿತಾ ಫೋನಿನಲ್ಲಿ ಬೆರಳಾಡಿಸುತ್ತ, “ಸೈಟ್‌ಗೆ ನೇಮ್ ಹಾಕಬೇಕು. ದಾನಪ್ಪ ಅಂತ ಸಾಕಾ?” ಎಂದಳು.

“ರುದ್ರವ್ವ ಅಂತ ಹಾಕು.”

“ಆಂಟಿ ಹೆಸರಾ? ಇಲ್ಲ ಅಂಕಲ್, ಆಡಿದವರದೇ ಹಾಕಬೇಕು.”

“ಆಡಿದಾಕಿದs ಹೇಳೀನವಾ. ಹಾಕು.”

ಅವಳಿಗೆ ಏನು ಅರ್ಥವಾಯಿತೋ, ಹಾಗೆಯೇ ಹಾಕಿದಳು.

ಜನ ಏಳತೊಡಗಿದರು. ದಾನಪ್ಪನವರು ಗಾಬರಿಯಾಗಿ ಬಾಗಿಲಿಗೆ ಅಡ್ಡವೆಂಬಂತೆ ನಿಂತರು. “ಚಹಾ ಆಗ್ಲಿಕತ್ತದ, ಕೂಡ್ರಿ. ನಾಳೆ ಬರ್ತೀರಲ್ಲ?”

“ನಾಳೆ ಎಂತ ಉಂಟು ದಾನಪ್ಪಣ್ಣ? ಗೆದ್ದಾಯ್ತಲ್ಲ!” ಎಂದರು ಶೀಲಾವತಿ, ಚಪ್ಪಲಿ ಮೆಟ್ಟುತ್ತ.

“ಆಟ ಇನ್ನೂ ಅದರೀ. ಉದ್ದನ ದಾರಿಲೆ ಆಡ್ತೀನಿ, ಹಿಂದಿನಂಗ. ಒಂದೂವರಿ ತಾಸು!”

ಖುರ್ಚಿ ಮಡಚಿಸುತ್ತಿದ್ದ ಭೀಮರಾಯರು ತಿರುಗಿ ನಿಂತರು. “ಹ್ಯಾಂಗ ಆಡತೀರಿ? ಗಂಟಿ ಬಾರಸದ ಹೋದ್ರ ಪಾಪ, ಬಾರಿಸಿ ನಿಲ್ಲದ ಓಡಿದ್ರೂ ಪಾಪ ಅಂತ ನೀವ ಅಂದಿರಿ. ನಮ್ಮನ್ನೂ ಎಬ್ಬಿಸಿ ನಿಲ್ಲಿಸಿದಿರಿ. ನಿಂತ್ರ ಬಾಗಲಾ ತೆರಿತೈತಿ. ತೆರೆದ್ರ ಮುಗೀತು. ಐದ ಮಿನಿಟಿನ ಆಟಕ್ಕ ನಾ ಸೊಸೈಟಿ ಖುರ್ಚಿ ಕೊಡಾಕ ಆಗೂದಿಲ್ರಿ.” ಹೋಗುತ್ತ ಹೋಗುತ್ತ, “ಅಭಿನಂದನಾ!” ಎಂದು ಕೈ ಕುಲುಕಿದರು. ಆಭಾರ ಮನ್ನಣೆ ಮಾಡುವುದನ್ನು ಮರೆತೇಬಿಟ್ಟರು.

ನಿಖಿತಾಳೂ ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ರುದ್ರವ್ವನ ಹೆಸರು ಬಿಡಿಸಿ ಹೇಳುತ್ತ ತನ್ನ ಮನೆಗೆ ಹೋದಳು. ಹೊಸ್ತಿಲ ಹೊರಗೆ ಒಂದೇ ಜೊತೆ ಚಪ್ಪಲಿ ಉಳಿಯಿತು. ಅದು ದಾನಪ್ಪನವರದು.

ಒಳಗೆ ದೀಪ ಹಚ್ಚಿ, ಕೈ ಮುಗಿದು ಬಂದು ಅವರು ಮತ್ತೆ ಟಿ.ವಿ. ಮುಂದೆ ಕೂತರು. ಈ ಸಲ ನೋಡೋಣ ಎಂದುಕೊಂಡರು. ಗುಡಿ ಬಂದರೆ ತಲೆ ತಗ್ಗಿಸಿ ಹಾದುಹೋಗಬೇಕು, ಉದ್ದನೆಯ ದಾರಿ ಹಿಡಿಯಬೇಕು, ರಾತ್ರಿಯ ಊಟದ ಹೊತ್ತಾಗುವವರೆಗೂ ಆಡಬೇಕು.

ಮೊಲ ಓಡಿತು. ಗುಡಿ ಬಂತು. ಕೈ ಕೇಳಲಿಲ್ಲ. ಟಣ್. ಪಟ್ಟಿ ಕೆಳಗಿಟ್ಟು ಕೈ ಮುಗಿದರು. ಈ ಸಲ ಅದರಲ್ಲಿ ಸಂಚೇನೂ ಇರಲಿಲ್ಲ. ಅವಳು ಇಲ್ಲೇ, ಇದೇ ಚಾಪೆಯ ಮೇಲೆ, ಹೀಗೆಯೇ ಕೈ ಮುಗಿದು ಕಾದಿರಬೇಕಲ್ಲವೇ ಮೊಲದೊಡನೆ? ಟಣ್. ಮತ್ತೆ ಟಣ್.

ಸನಾದಿ ನುಡಿಯಿತು. ಹೂವು ಉದುರಿದವು.

“ಆತೇನು?” ಎಂದು ದಾನಪ್ಪನವರು ಒಳಕೋಣೆಯ ಕಡೆಗೆ ಮುಖ ಮಾಡಿ ಕೇಳಿದರು.

ಸ್ವಲ್ಪ ಹೊತ್ತು ಕಾದು, “ಹೂಂ, ಆತು,” ಎಂದು ತಾವೇ ಹೇಳಿಕೊಂಡು ಅಡುಗೆಮನೆಗೆ ಎದ್ದುಹೋದರು. ಸಣ್ಣ ಉರಿಯ ಮೇಲೆ ಅಷ್ಟೂ ಮಂದಿಗೆ ಇಟ್ಟ ನೀರು ಆಗಷ್ಟೇ ಕುದಿಯತೊಡಗಿತ್ತು.